ಬಾರ್ಬ್ರುವಿನ ಕೈಗುಣ

ಉತ್ತರ ಸ್ವೀಡನ್ನಿನ ಊಮೆಯೊ ಊರಿನ ಮರಗಳ ಲ್ಯಾಬಿನಲ್ಲಿ ಬಾರ್ಬ್ರು ಹೆಡ್‌ಲುಂಡ್‌ಳ ಕೈಗುಣದ ಮಾತನ್ನು ಮೊದಲು ಆಡಿದವರು ಯಾರೋ ಈಗ ಯಾರಿಗೂ ನೆನಪಿಲ್ಲ. ಆದರೆ ಆ ಮಾತಿಗೆ ಇಪ್ಪತ್ತೆಂಟು ವರ್ಷ ನೀರೆರೆದು ಬೆಳೆಸಿದವಳು ಸ್ವತಃ ಬಾರ್ಬ್ರುವೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. "ನಂದೇನಿಲ್ಲಪ್ಪ, ಎಲ್ಲಾ ಅಭ್ಯಾಸ ಬಲ" ಎಂದು ಆಕೆ ಎಂಥ ಧಾಟಿಯಲ್ಲಿ ಹೇಳುತ್ತಿದ್ದಳೆಂದರೆ, ಎದುರಿಗಿದ್ದವರು "ಅಯ್ಯೋ, ಹಾಗಲ್ಲ ಬಾರ್ಬ್ರು" ಎನ್ನದೆ ಗತಿಯಿರಲಿಲ್ಲ. ಅಂದ ಮೇಲೆ ಆಕೆ ಉಸಿರನ್ನು ಸರ್ರನೆ ಒಳಗೆಳೆದುಕೊಂಡು "ಶುಪ್" ಎನ್ನುತ್ತಿದ್ದಳು. ನಮ್ಮ ಉತ್ತರದ ಕಡೆ ಹೌದು ಎನ್ನುವುದೇ ಹೀಗೆ, ಬಾಯಿ ತೆರೆದರೆ ಚಳಿ ಒಳಗೆ ಹೋಗುತ್ತದಲ್ಲ.

ಕೆಲಸವೇನೋ ಹೇಳಲು ಸುಲಭ. ಸ್ಪ್ರೂಸ್ ಮರದ ಸೂಜಿಯಂಥ ಎಲೆಗಳನ್ನು ಅರೆದು ಅದರ ಡಿಎನ್‌ಎ ತೆಗೆಯುವುದು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ ತೊಂಬತ್ತಾರು ಗುಳಿಗಳು. ಅರೆದ ಎಲೆಯ ರಸಕ್ಕೆ ಒಂದು ಕಂದು ಪುಡಿ ಹಾಕಿದರೆ ಡಿಎನ್‌ಎ ಪುಡಿಗೆ ಅಂಟಿಕೊಳ್ಳುತ್ತದೆ. ಅಯಸ್ಕಾಂತದಿಂದ ಪುಡಿಯನ್ನು ಹಿಡಿದಿಟ್ಟು, ಕೊಳೆಯನ್ನೆಲ್ಲ ತೊಳೆದು, ಕೊನೆಗೆ ಚೂರು ನೀರು ಹಾಕಿದರೆ ಡಿಎನ್‌ಎ ಪುಡಿಯನ್ನು ಬಿಟ್ಟು ನೀರಿಗೆ ಇಳಿಯುತ್ತದೆ. ಆ ನೀರನ್ನು ಬೇರೆ ತಟ್ಟೆಗೆ ಎತ್ತಿಕೊಂಡರೆ ಮುಗಿಯಿತು. ಚೂರು ನೀರು ಎಂದರೆ ನಿಜಕ್ಕೂ ಚೂರೇ: ಒಂದು ಮಳೆಹನಿಯನ್ನು ಮೂರು ಪಾಲು ಮಾಡಿದರೆ ಒಂದು ಪಾಲು. ಅದನ್ನು ಪಿಪೆಟ್‌ನಲ್ಲಿ ಎಳೆದು, ಹೆಬ್ಬೆರಳಿಂದ ಗುಂಡಿ ಒತ್ತಿ, ಗುಳಿಯ ಗೋಡೆಗೆ ತಾಗಿಸಿ ಬಿಡಬೇಕು. ಹೀಗೆ ದಿನಕ್ಕೆ ಸಾವಿರ ಸಲ.

ಉಳಿದವರ ತಟ್ಟೆಯಲ್ಲಿ ಡಿಎನ್‌ಎ ಒಂದು ದಿನ ಬಂದರೆ ಇನ್ನೊಂದು ದಿನ ಕೈ ಕೊಡುತ್ತಿತ್ತು. ಬಾರ್ಬ್ರುವಿನ ತಟ್ಟೆಯಲ್ಲಿ ಮಾತ್ರ ಅಳೆಯುವ ಯಂತ್ರ ಯಾವಾಗಲೂ ನಲವತ್ತರ ಆಸುಪಾಸಿನಲ್ಲೇ ಅಂಕಿ ತೋರಿಸುತ್ತಿತ್ತು. ಡಾಕ್ಟರೇಟು ಮಾಡಲು ಬಂದ ಹುಡುಗಿಯರು ಆಕೆಯ ಹಿಂದೆ ನಿಂತು ಮಣಿಕಟ್ಟನ್ನೇ ನೋಡುತ್ತಿದ್ದರು. ಆಕೆಯೂ ನೋಡಲಿ ಎಂದು ಅಂಗಿಯ ತೋಳು ಮಡಚಿಕೊಳ್ಳುತ್ತಿದ್ದಳು.

ಇಂಥ ಬಾರ್ಬ್ರುವಿಗೆ ಜೀವನದಲ್ಲಿ ಒಂದೇ ತಕರಾರಿತ್ತು, ಅದು ಫೀಕಾ. ಬೆಳಗ್ಗೆ ಒಂಬತ್ತೂವರೆಗೆ ಎಲ್ಲರೂ ಕೈಯಲ್ಲಿದ್ದುದನ್ನು ಬಿಟ್ಟು ಅಡುಗೆಕೋಣೆಗೆ ಬಂದು, ಕಾಫಿ ಕುಡಿದು, ಬನ್ ತಿಂದು, ಇಪ್ಪತ್ತೈದು ನಿಮಿಷ ಹರಟೆ ಹೊಡೆಯಬೇಕು. ಆಲ್ಗೊಟ್ ವೆಸ್ಟೆರ್‌ಮಾರ್ಕ್ ಲ್ಯಾಬಿನ ಮುಖ್ಯಸ್ಥನಾಗಿದ್ದ ಕಾಲದಲ್ಲಿ ಇದಕ್ಕೆ ವಿನಾಯಿತಿಯೇ ಇರಲಿಲ್ಲ. ಆತ ಕಾರಿಡಾರಿನುದ್ದಕ್ಕೂ ನಡೆದು ಬಂದು ಒಂದೊಂದು ಬಾಗಿಲಿನ ಗಾಜಿಗೂ ಉಂಗುರದಿಂದ ಮೂರು ಸಲ ಟಕ್ ಟಕ್ ಟಕ್ ಎಂದು ಬಡಿಯುತ್ತಿದ್ದ. "ಒಂದ್ನಿಮಿಷ!" ಎಂದು ಬಾರ್ಬ್ರು ಒಳಗಿಂದ ಕೂಗುತ್ತಿದ್ದಳು. ಆತ ಅಲ್ಲೇ ನಿಂತು ಕಾಯುತ್ತಿದ್ದ. ಮತ್ತೆ ಟಕ್ ಟಕ್ ಟಕ್. ಆಗ ಆಕೆ ಕೊನೆಯ ಗುಳಿಗೂ ನೀರು ಬಿಟ್ಟು, ತಟ್ಟೆಗೆ ಮುಚ್ಚಳ ಹಾಕಿ, ಗೊಣಗುತ್ತಾ ಏಳುತ್ತಿದ್ದಳು. ಎರಡನೇ ಸಲ ಬಡಿಸಿಕೊಳ್ಳದೆ ಎದ್ದ ದಿನವೇ ಇಲ್ಲ.

ಆಲ್ಗೊಟ್ ನಿವೃತ್ತನಾದ ದಿನ ಆಕೆ ಭಾಷಣದಲ್ಲಿ ಲೆಕ್ಕ ಹಾಕಿಯೇ ಹೇಳಿದಳು: "ಈ ಮನುಷ್ಯ ಕಾಫಿ ಜೊತೆಗೆ ನನ್ನ ಜೀವನದ ಒಂದು ವರ್ಷಾನೂ ಕುಡಿದುಬಿಟ್ಟಿದ್ದಾನೆ." ಎಲ್ಲರೂ ನಕ್ಕರು, ಆಲ್ಗೊಟ್ ಎಲ್ಲರಿಗಿಂತ ಜಾಸ್ತಿ ನಕ್ಕ. "ಬನ್ ತಣ್ಣಗಾಗ್ತಿದೆ ಬಾರ್ಬ್ರು, ಬೇಗ ಮುಗ್ಸು" ಎಂದ. ಮಾರನೆಯ ದಿನದಿಂದ ಬಾಗಿಲು ಬಡಿಯುವವರು ಯಾರೂ ಇಲ್ಲದೆ, ಒಂಬತ್ತೂವರೆ ಕಳೆದರೂ ಕಾರಿಡಾರು ಮೌನವಾಗಿತ್ತು. ಒಂದು ವಾರ ಖಾಲಿ ಅಡುಗೆಕೋಣೆಯಲ್ಲಿ ಒಬ್ಬಳೇ ಕಾಫಿ ಕುಡಿದ ಬಾರ್ಬ್ರು, ಎರಡನೇ ವಾರ ತಟ್ಟೆಗೆ ಮುಚ್ಚಳ ಹಾಕಿದ ಕೂಡಲೇ ತಾನೇ ಎದ್ದು ತನ್ನ ಮದುವೆಯ ಉಂಗುರದಿಂದ ಬಾಗಿಲು ಬಡಿಯತೊಡಗಿದಳು. "ನಂಗೇನು ಆಸೆಯಿಲ್ಲ, ಜನ ಶಿಸ್ತು ತಪ್ಪಬಾರ್ದು ಅಂತ" ಎನ್ನುವ ಸಮಜಾಯಿಷಿ ಬೇರೆ. ಮೂರು ವರ್ಷದ ಹಿಂದೆ ಆಲ್ಗೊಟ್ ತೀರಿಕೊಂಡ ಸುದ್ದಿ ಬಂದ ಬೆಳಗ್ಗೆಯೂ ಆಕೆ ಎಲ್ಲಾ ಬಾಗಿಲು ಬಡಿದಳು. ಆ ದಿನ ಕಾಫಿ ಕುಡಿದರು, ಹರಟೆ ಮಾತ್ರ ಇರಲಿಲ್ಲ.

ಹೋದ ಅಕ್ಟೋಬರಿನಲ್ಲಿ, ಈಗಿನ ಮುಖ್ಯಸ್ಥೆ ಮಾರಿತ್ ಒಂದು ರೋಬೋಟ್ ತರಿಸಿದಳು. ಒಂದು ತಿಂಗಳು ಬಳಸಿ ನೋಡಿ, ಸರಿಹೋದರೆ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ವಾಪಸು. ಗಾಜಿನ ಪೆಟ್ಟಿಗೆ, ಒಳಗೆ ಒಂದು ತೋಳು, ಆ ತೋಳಿನಲ್ಲಿ ಎಂಟು ಪಿಪೆಟ್. ಫೀಕಾದಲ್ಲಿ ಮತ ಹಾಕಿ ಅದಕ್ಕೆ ಹೆಲ್ಗೆ ಎಂದು ಹೆಸರಿಟ್ಟರು. ಬಾರ್ಬ್ರು ಮತ ಹಾಕಲಿಲ್ಲ. ಆಕೆ ಅದನ್ನು ಕರೆಯುತ್ತಿದ್ದುದು "ಆ ಬೀರು" ಎಂದೇ.

ಬೀರುವಿನ ಜೊತೆಗೆ ಬಂದವನು ಎಸ್ಕಿಲ್, ಶೆಲ್ಲೆಫ್ತಿಯೊ ಕಡೆಯ ಎಂಜಿನಿಯರ್, ಮೂವತ್ತೈದರ ಮೆದುಮಾತಿನ ಮನುಷ್ಯ. ಬಾರ್ಬ್ರುವಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಆಕೆ ಮಾಡುವುದನ್ನೆಲ್ಲ ಒಂದೊಂದಾಗಿ ಬರೆದುಕೊಂಡ.

"ಆಮೇಲೆ?"

"ನೀರು ಬಿಡೋದು. ಹದಿನೈದು ಮೈಕ್ರೋಲೀಟರ್."

"ಎಷ್ಟ್ ಹೊತ್ತು ಹಾಗೇ ಬಿಡ್ಬೇಕು?"

"ಎರಡು ನಿಮಿಷ. ಪುಡಿ ಡಬ್ಬಿ ಜೊತೆ ಬಂದಿರೋ ಪುಸ್ತಕದಲ್ಲೇ ಇದೆಯಲ್ಲ, ಕಣ್ಣು ಕಾಣಲ್ವ?"

ಎಸ್ಕಿಲ್ ಎರಡು ನಿಮಿಷ ಎಂದು ಬರೆದುಕೊಂಡ. ಬಾರ್ಬ್ರು ಏನನ್ನೂ ಮುಚ್ಚಿಡಲಿಲ್ಲ, ಅದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಆಕೆ ಹಮ್ಮಿನ ಹೆಂಗಸೇ ಹೊರತು ಕಪಟಿಯಲ್ಲ.

ಹೆಲ್ಗೆ ಮೊದಲ ತಟ್ಟೆ ಮುಗಿಸಿತು. ಅಳೆದರೆ ಹದಿನಾಲ್ಕು. ಮರುದಿನ ಹದಿಮೂರು. ಎಸ್ಕಿಲ್ ತೋಳಿನ ವೇಗ ತಗ್ಗಿಸಿದ, ಹೆಚ್ಚಿಸಿದ, ಪಿಪೆಟ್‌ನ ತುದಿ ಗೋಡೆಗೆ ತಾಗುವ ಹಾಗೆ ಓರೆ ಮಾಡಿದ. ಹದಿನೈದು. ಬಾರ್ಬ್ರುವಿನ ಕೈಯನ್ನು ಹತ್ತಿರದಿಂದ ವಿಡಿಯೊ ಹಿಡಿದು, ಅದನ್ನು ನಿಧಾನ ಮಾಡಿ, ಗುಂಡಿ ಒತ್ತುವ ಲಯವನ್ನು ಅಳೆದು ಯಂತ್ರಕ್ಕೆ ಕಲಿಸಿದ. ಹದಿನಾಲ್ಕೇ. ಮೂರು ವಾರ ಹೀಗೇ ನಡೆಯಿತು. ಬಾರ್ಬ್ರು ಮುಖದಲ್ಲಿ ಮರುಕ ತೋರಿಸುತ್ತಿದ್ದಳು. ಒಳಗೆ ಹಬ್ಬ.

ಈ ಹಬ್ಬಕ್ಕೆ ಒಂದು ಗುಟ್ಟಿನ ಕಾರಣವಿತ್ತು. ಆಕೆಯ ಬಲಗೈ ಹೆಬ್ಬೆರಳು ಎರಡು ವರ್ಷದಿಂದ ನೋಯುತ್ತಿತ್ತು. ಸಾವಿರ ಸಲ ಒತ್ತುವುದನ್ನು ಇಪ್ಪತ್ತೆಂಟು ವರ್ಷ ಮಾಡಿದರೆ ಯಾವ ಬೆರಳು ತಾನೇ ಸುಮ್ಮನಿರುತ್ತದೆ? ಮನೆಯಲ್ಲಿ ಉಪ್ಪಿನಕಾಯಿ ಸೌತೆಯ ಬಾಟಲಿ ತೆರೆಯಲು ಗಂಡ ರೂನೆ ಬೇಕು, ಕೋಟಿನ ಜಿಪ್ ಎಳೆಯಲು ಎಡಗೈ ಬೇಕು. ಲ್ಯಾಬಿನಲ್ಲಿ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಮೇಜು ಬಿಡಿಸಿ, ಗೌರವದಿಂದ, ಎಲ್ಲಾದರೂ ಫೈಲು ನೋಡುವ ಕೆಲಸಕ್ಕೆ ಕೂರಿಸುತ್ತಾರೆ. ಕೈಗುಣವಿರುವ ಹೆಂಗಸು ಎನ್ನುವುದನ್ನು ಬಿಟ್ಟರೆ ಆ ಕಟ್ಟಡದಲ್ಲಿ ತಾನು ಯಾರು? ಬಾರ್ಬ್ರುವಿಗೆ ಉತ್ತರ ಹೊಳೆಯುತ್ತಿರಲಿಲ್ಲ. ಅದೇ ಅವಳ ಭಯ.

ಕೊನೆಯ ವಾರ ಮಾರಿತ್ ಒಂದು ಉಪಾಯ ತೆಗೆದಳು.

"ಶುಕ್ರವಾರ ಹೆಲ್ಗೆ ಇರ್ಬೇಕೋ ಹೋಗ್ಬೇಕೋ ಹೇಳ್ಬೇಕು. ಮಂಗಳವಾರ ಇಬ್ರೂ ಒಟ್ಟಿಗೆ ಮಾಡಿ ನೋಡೋಣ. ಅದೇ ಎಲೆ, ಅದೇ ಪುಡಿ, ಅದೇ ಕೋಣೆ. ಏನಂತೀಯ ಬಾರ್ಬ್ರು?"

"ಪಾಪ, ಬೀರು ಜೊತೆ ಜಗಳಕ್ಕೆ ನಿಲ್ಲಿಸ್ತೀಯಲ್ಲ ನನ್ನ."

"ಹೆದರ್ಕೊಂಡ್ಯಾ?"

"ನಾನಾ!"

ಮಂಗಳವಾರ ಏಳೂವರೆಗೆ ಇಬ್ಬರೂ ಶುರು ಮಾಡಿದರು, ಇಬ್ಬರಿಗೂ ನಲವತ್ತೆಂಟು ಗುಳಿ. ಹೆಲ್ಗೆ ಗುಂಯ್ ಗುಂಯ್ ಎನ್ನುತ್ತಾ ಓಡಾಡಿತು. ಬಾರ್ಬ್ರು ಹೆಬ್ಬೆರಳಿಗೆ ಮುಲಾಮು ತಿಕ್ಕಿ, ಕೈಗವಸು ಏರಿಸಿ ಕೂತಿದ್ದಳು. ಒಂಬತ್ತೂಕಾಲಿಗೆ ಹೆಲ್ಗೆ ಮುಗಿಸಿ, ಪೀಂ ಎಂದು ಸದ್ದು ಮಾಡಿ, ತೋಳು ಮಡಚಿ ನಿಂತುಬಿಟ್ಟಿತು. ಆ ಪೀಂ ಬಾರ್ಬ್ರುವಿನ ಬೆನ್ನಿಗೆ ಚುಚ್ಚಿತು. ಒಂಬತ್ತೂವರೆಗೆ ಆಕೆ ಕೊನೆಯ ಗುಳಿಗೆ ನೀರು ಬಿಟ್ಟಳು. ಗಡಿಯಾರ ನೋಡಿದಳು. ಬೀರು ನಿಂತು ನೋಡುತ್ತಿರುವಾಗ ತಾನು ಎದ್ದು ಹೋಗಿ ಬನ್ ತಿನ್ನುವುದೇ? ಏಳಲಿಲ್ಲ. ಪುಸ್ತಕದಲ್ಲಿರುವ ಎರಡು ನಿಮಿಷ ಕಾದು, ಅಯಸ್ಕಾಂತದ ಮೇಲಿಟ್ಟು, ನೀರು ಎತ್ತಿ, ಒಂಬತ್ತು ನಲವತ್ತಕ್ಕೆ ಮುಗಿಸಿದಳು. ಬಾಗಿಲು ಬಡಿಯುವವರಿಲ್ಲದೆ ಉಳಿದವರೆಲ್ಲ ತಮ್ಮ ತಮ್ಮ ಕೋಣೆಯಲ್ಲಿ ಹಸಿದುಕೊಂಡು, ಇವತ್ತು ರಜೆಯೋ ಏನೋ ಎಂದು ಕೂತಿದ್ದರು.

ಅಳೆದರು. ಹೆಲ್ಗೆ ಹದಿನಾಲ್ಕು. ಬಾರ್ಬ್ರು ಹದಿಮೂರು.

ಎಸ್ಕಿಲ್ ಅಳೆಯುವ ಯಂತ್ರವನ್ನು ಒರೆಸಿ ಇನ್ನೊಮ್ಮೆ ಅಳೆದ, ಮರ್ಯಾದೆಗೆ. ಹದಿಮೂರೇ. ಮಾರಿತ್ ಆಕೆಯ ಭುಜದ ಮೇಲೆ ಕೈಯಿಟ್ಟು "ಅವಸರ ಮಾಡ್ಕೊಂಡೆ ಅಷ್ಟೆ. ಒಂದು ದಿನ ಯಾರಿಗಾದ್ರೂ ಆಗತ್ತೆ" ಎಂದಳು. ಬಾರ್ಬ್ರುವಿಗೆ ಅದಕ್ಕಿಂತ ಒಂದು ಬೈಗುಳ ಬಿದ್ದಿದ್ದರೆ ಹಿತವಾಗುತ್ತಿತ್ತು. ಕೈ ಹೋಯಿತು, ಹೆಬ್ಬೆರಳು ನನ್ನನ್ನು ಮುಗಿಸಿತು ಎಂದುಕೊಂಡೇ ಬಸ್ಸು ಹತ್ತಿದಳು.

ಸಂಜೆ ಅಡುಗೆಮನೆಯಲ್ಲಿ, ಫ್ರೀಜರಿನಿಂದ ತೆಗೆದ ಲಿಂಗೊನ್ ಹಣ್ಣಿನ ಚೀಲವನ್ನು ಹೆಬ್ಬೆರಳಿಗೆ ಒತ್ತಿಕೊಂಡು ಕೂತಿದ್ದಳು. ರೂನೆ ಆಲೂಗಡ್ಡೆ ಬೇಯಿಸುತ್ತಾ ದಿನಾ ಕೇಳುವ ಪ್ರಶ್ನೆಯನ್ನೇ ಕೇಳಿದ. ಆತ ಲ್ಯಾಬಿನ ಬಗ್ಗೆ ಕೇಳುತ್ತಿದ್ದುದು ಇದೊಂದನ್ನೇ.

"ಇವತ್ತು ಫೀಕಾಗೆ ಏನಿತ್ತು?"

"ಗೊತ್ತಿಲ್ಲ. ಹೋಗ್ಲಿಲ್ಲ."

ರೂನೆ ಸೌಟು ಹಿಡಿದುಕೊಂಡೇ ತಿರುಗಿದ. "ಹೋಗ್ಲಿಲ್ವಾ? ಆಲ್ಗೊಟ್ ಸತ್ತ ದಿನಾನೂ ಹೋಗಿದ್ದೆಯಲ್ಲೇ."

"ಪಂದ್ಯ ಇತ್ತು. ನೀರು ಬಿಟ್ಟು, ಎರಡು ನಿಮಿಷ ಕಾದು, ಎತ್ತಿಬಿಟ್ಟೆ."

"ದಿನಾ ಏನ್ ಮಾಡ್ತಿದ್ದೆ ಮತ್ತೆ?"

"ದಿನಾ ನೀರು ಬಿಟ್ಟು, ಮುಚ್ಚಳ ಹಾಕಿ..." ಎಂದವಳು ಅಲ್ಲಿಗೇ ನಿಂತಳು. ಲಿಂಗೊನ್ ಚೀಲ ಮಡಿಲಿಗೆ ಬಿತ್ತು. ಆಲೂಗಡ್ಡೆ ಉಕ್ಕಿ ಒಲೆಯ ಮೇಲೆ ಚೆಲ್ಲಿದರೂ ಇಬ್ಬರೂ ನೋಡಲಿಲ್ಲ.

ಬುಧವಾರ ಬೆಳಗ್ಗೆ ಆಕೆ ಒಂದು ತಟ್ಟೆಯನ್ನು ಅರ್ಧರ್ಧ ಮಾಡಿದಳು. ಒಂದರ್ಧಕ್ಕೆ ನೀರು ಬಿಟ್ಟು ಎರಡು ನಿಮಿಷಕ್ಕೆ ಎತ್ತಿದಳು. ಇನ್ನೊಂದರ್ಧಕ್ಕೆ ನೀರು ಬಿಟ್ಟು, ಮುಚ್ಚಳ ಹಾಕಿ, ಬಾಗಿಲುಗಳನ್ನು ಬಡಿದು, ಕಾಫಿ ಕುಡಿದು ಬಂದು ಎತ್ತಿದಳು. ಮೊದಲನೆಯದು ಹದಿನಾಲ್ಕು. ಎರಡನೆಯದು ನಲವತ್ತೊಂದು. ಸ್ಪ್ರೂಸ್ ಮರ ಸೋಮಾರಿ, ಅದರ ಡಿಎನ್‌ಎ ಅಂಟು ಅಂಟು. ಎರಡು ನಿಮಿಷದಲ್ಲಿ ಪುಡಿ ಬಿಟ್ಟು ಬರಲು ಅದಕ್ಕೆ ಮನಸ್ಸಿಲ್ಲ. ಇಪ್ಪತ್ತೈದು ನಿಮಿಷ ಸುಮ್ಮನೆ ಬಿಟ್ಟರೆ ತಾನಾಗಿ ಬರುತ್ತದೆ. ಉಳಿದವರು ನೀರು ಬಿಟ್ಟ ಮೇಲೆ ಒಮ್ಮೊಮ್ಮೆ ಫೀಕಾಗೆ ಹೋಗುತ್ತಿದ್ದರು, ಒಮ್ಮೊಮ್ಮೆ ಬೇರೆ ಹಂತದಲ್ಲಿ ಹೋಗುತ್ತಿದ್ದರು. ಗಡಿಯಾರಕ್ಕೆ ಕಟ್ಟಿಹಾಕಿದ ಹಾಗೆ ದಿನವೂ ಅದೇ ಹಂತದಲ್ಲಿ ಎದ್ದವಳು ಬಾರ್ಬ್ರು ಒಬ್ಬಳೇ.

ಮೊದಲು ಆಕೆಗೆ ಸಮಾಧಾನವಾಯಿತು: ಕೈ ಹೋಗಿಲ್ಲ. ಕುರ್ಚಿಯಲ್ಲಿ ಕೂತ ಮೇಲೆ ಇನ್ನೊಂದು ಯೋಚನೆ ಬಂತು: ಕೈ ಹೋಗಿಲ್ಲ ಸರಿ, ಇದ್ದದ್ದಾದರೂ ಯಾವಾಗ?

ಒಂದು ಇಡೀ ದಿನ ಬಾಯಿ ಬಿಡಲಿಲ್ಲ. ಬಿಡದಿದ್ದರೆ ಕಷ್ಟವೇನೂ ಇರಲಿಲ್ಲ. ನಲವತ್ತೊಂದು ಎಂಬ ಅಂಕಿಯನ್ನು ತೋರಿಸಿದರೆ ಸಾಕು, ಮಂಗಳವಾರದ್ದು ಗ್ರಹಚಾರ ಎಂದು ಎಲ್ಲರೂ ಮರೆಯುತ್ತಾರೆ. ಶುಕ್ರವಾರ ಬೀರು ಲಾರಿ ಹತ್ತುತ್ತದೆ. ನಿವೃತ್ತಿಗೆ ಇನ್ನು ನಾಲ್ಕು ವರ್ಷ. ಹೆಬ್ಬೆರಳು ಹೇಗೋ ಎಳೆದಾಡಿಕೊಂಡು ಹೋಗುತ್ತದೆ. ಬಾರ್ಬ್ರು ಅಂಕಿಯನ್ನು ತೋರಿಸಿಯೇ ಬಿಟ್ಟಳು, ಒಂದರ್ಧದ್ದನ್ನು ಮಾತ್ರ. ಮಾರಿತ್ "ನೋಡಿದ್ಯಾ, ನಾನ್ ಹೇಳ್ಲಿಲ್ವಾ!" ಎಂದು ಆಕೆಯನ್ನು ತಬ್ಬಿಕೊಂಡಳು. ಆ ಅಪ್ಪುಗೆಯಲ್ಲಿ ಬಾರ್ಬ್ರು ಕಂಬದ ಹಾಗೆ ನಿಂತಿದ್ದಳು.

ಗುರುವಾರ ಫೀಕಾಗೆ ತಿಂಡಿ ತರುವ ಸರದಿ ಬಾರ್ಬ್ರುವಿನದು. ಏಲಕ್ಕಿ ಬನ್ ತಂದಿದ್ದಳು. ಹಿಟ್ಟು ನಾದಿದವನು ರೂನೆ, ಹೊಗಳಿಸಿಕೊಂಡವಳು ಬಾರ್ಬ್ರು. ಎಲ್ಲರೂ ಎರಡನೇ ಬನ್ನಿಗೆ ಕೈ ಹಾಕುತ್ತಿದ್ದಾಗ ಎಸ್ಕಿಲ್ ಗಂಟಲು ಸರಿಮಾಡಿಕೊಂಡ.

"ನಾಳೆ ಹೆಲ್ಗೇನ ಪ್ಯಾಕ್ ಮಾಡ್ತೀನಿ. ಕಂಪನಿಗೆ ವರದಿ ಬರ್ದಿದೀನಿ, ಅದ್ರಲ್ಲಿ ಒಂದು ಸಾಲು ಓದ್ತೀನಿ, ಬಾರ್ಬ್ರು ಮುಂದೇನೇ." ಆತ ಹಾಳೆ ತೆಗೆದ. "'ಈ ಲ್ಯಾಬಿನ ಬಾರ್ಬ್ರು ಹೆಡ್‌ಲುಂಡ್‌ಳ ಕೈಯಲ್ಲಿರುವುದನ್ನು ನಮ್ಮ ಯಂತ್ರಕ್ಕೆ ಕಲಿಸಲು ಸಾಧ್ಯವಾಗಲಿಲ್ಲ. ಅದು ಏನೆಂದು ನನಗೆ ತಿಳಿಯಲಿಲ್ಲ. ಅದನ್ನು ನೋಡಿದ್ದೇ ನನ್ನ ಭಾಗ್ಯ.'"

ಎಲ್ಲರೂ ಮೇಜು ಕುಟ್ಟಿದರು. ಇಪ್ಪತ್ತೆಂಟು ವರ್ಷದಿಂದ ಬಾರ್ಬ್ರು ಕಾದಿದ್ದ ಮಾತು ಇದು, ಕಾಗದದ ಮೇಲೆ, ಸಹಿ ಸಮೇತ. ಎಸ್ಕಿಲ್‌ನ ಕಣ್ಣ ಕೆಳಗೆ ಮೂರು ವಾರದ ಕಪ್ಪು ಕಟ್ಟಿತ್ತು. ಬಾರ್ಬ್ರು ಕಾಫಿಯ ಲೋಟ ಕೆಳಗಿಟ್ಟಳು.

"ಆ ಸಾಲು ಹೊಡೆದ್ಹಾಕು" ಎಂದಳು.

"ಯಾಕೆ?"

"ಕೈಯಲ್ಲ ಅದು. ಫೀಕಾ."

"ಏನು?"

"ನೀರು ಬಿಟ್ಟ ಮೇಲೆ ನಾನು ಇಲ್ಲಿ ಬಂದು ಕೂತ್ಕೋತೀನಿ. ಇಪ್ಪತ್ತೈದು ನಿಮಿಷ. ನಿನ್ನ ಹೆಲ್ಗೆ ಬರಲ್ಲ, ಅದಕ್ಕೇ ಹದಿನಾಲ್ಕು. ಮಂಗಳವಾರ ನಾನೂ ಬರ್ಲಿಲ್ಲ, ಅದಕ್ಕೇ ಹದಿಮೂರು. ನಿನ್ನೆ ಎರಡೂ ಥರ ಮಾಡಿ ನೋಡ್ದೆ. ನಿಮಗೆ ಅರ್ಧ ಮಾತ್ರ ತೋರ್ಸಿದೆ." ಮಾರಿತ್‌ಳ ಕಡೆ ತಿರುಗಿದಳು. "ಕ್ಷಮಿಸು. ಇನ್ನೊಂದಿದೆ. ಈ ಹೆಬ್ಬೆರಳು ಎರಡು ವರ್ಷದಿಂದ ಕೆಲಸಕ್ಕೆ ಬರ್ತಿಲ್ಲ. ಈ ಬನ್ನೂ ನಾನು ಮಾಡಿದ್ದಲ್ಲ."

ಎಸ್ಕಿಲ್ ಹಾಳೆಯನ್ನು ಮಡಚಿ ಮೇಜಿನ ಮೇಲಿಟ್ಟ. ಆಮೇಲೆ ದುಃಖದ ದನಿಯಲ್ಲಿ ಕೇಳಿದ:

"ಮೂರು ವಾರ, ಬಾರ್ಬ್ರು! ಅವತ್ತೇ ಯಾಕ್ ಬರೆಸ್ಲಿಲ್ಲ ನಂಗೆ?"

"ಫೀಕಾನ ಯಾರಾದ್ರೂ ಬರೆಸ್ತಾರೇನೋ? ಉಸಿರಾಡೋದನ್ನ ಬರೆಸ್ತಾರಾ?"

ಮೊದಲು ನಕ್ಕವಳು ಮಾರಿತ್. ನಗು ಮೇಜಿನ ಸುತ್ತ ಒಂದು ಸುತ್ತು ಬಂತು. "ಹಂಗಾದ್ರೆ ಇಷ್ಟ್ ವರ್ಷ ನಿನ್ನ ಕೈ ಹೊಗಳಿದ್ದೆಲ್ಲ ದಂಡ! ಬನ್ನಿನ ಕೈಗುಣ ಅನ್ಬೇಕಿತ್ತು!" ಎಂದು ಯಾರೋ ಕೂಗಿದರು. ಬಾರ್ಬ್ರು ಅವರ ಜೊತೆ ನಕ್ಕಳು, ಆದರೆ ಕಣ್ಣು ಒದ್ದೆಯಾಗಿತ್ತು. ಯಾಕೆಂದು ಆಕೆಗೆ ಮಾತ್ರ ಗೊತ್ತು. ಒಂದು ವರ್ಷ ಕುಡಿದುಬಿಟ್ಟ ಎಂದು ಯಾರನ್ನು ಎಲ್ಲರೆದುರು ಹಂಗಿಸಿದ್ದಳೋ, ತನ್ನ ಹೆಸರನ್ನು ದಿನವೂ ಒಂಬತ್ತೂವರೆಗೆ ಬಾಗಿಲಲ್ಲಿ ನಿಂತು ಕಾಪಾಡಿದವನು ಅವನೇ. ಹೇಳೋಣವೆಂದರೆ ಮೂರು ವರ್ಷ ತಡವಾಗಿತ್ತು.

ಹೆಲ್ಗೆ ಲಾರಿ ಹತ್ತಲಿಲ್ಲ. ಶುಕ್ರವಾರ ಎಸ್ಕಿಲ್ ಅದರ ಪಟ್ಟಿಯಲ್ಲಿ ನೀರು ಬಿಡುವುದರ ಕೆಳಗೆ ಹೊಸ ಹಂತ ಸೇರಿಸಿದ. ಹಂತದ ಹೆಸರು "ಫೀಕಾ", ಅವಧಿ ಇಪ್ಪತ್ತೈದು ನಿಮಿಷ. ಕಂಪನಿಯವರು ಅದನ್ನು ಓದಿ ಏನೆಂದುಕೊಂಡರೋ. ಹೆಲ್ಗೆಯನ್ನು ನಡೆಸುವ ಕೆಲಸವನ್ನು ಮಾರಿತ್ ಬಾರ್ಬ್ರುವಿಗೇ ಕೊಟ್ಟಳು. ಪರದೆ ಮುಟ್ಟಲು ತೋರುಬೆರಳು ಸಾಕು.

"ಈ ಹಂತ ಬಂದಾಗ ಇದು ಒಂದು ಸದ್ದು ಮಾಡತ್ತೆ" ಎಂದ ಎಸ್ಕಿಲ್, ಹೊರಡುವ ಮುಂಚೆ. "ಪೀಂ ಅನ್ನೋದಿದೆ. ಹಕ್ಕಿ ಕೂಗೋದಿದೆ. ಯಾವ್ದಿಡ್ಲಿ?"

"ಫೋನ್ ತೆಗಿ. ರೆಕಾರ್ಡ್ ಮಾಡ್ಕೋ" ಎಂದು ಬಾರ್ಬ್ರು ಬಾಗಿಲ ಹತ್ತಿರ ಹೋಗಿ, ಗಾಜಿನ ಮೇಲೆ ಉಂಗುರದಿಂದ ಮೂರು ಸಲ ಬಡಿದಳು.

ಸೋಮವಾರ ಆಕೆ ಬೀರುವಿಗೆ ಬೆನ್ನು ಹಾಕಿ ಮುಂದಿನ ತಟ್ಟೆಗಳಿಗೆ ಹೆಸರು ಬರೆಯುತ್ತಿದ್ದಳು. ಒಂಬತ್ತೂವರೆಗೆ ಹೆಲ್ಗೆ ಕೊನೆಯ ಗುಳಿಗೂ ನೀರು ಬಿಟ್ಟು ತೋಳು ಮಡಚಿತು.

ಟಕ್ ಟಕ್ ಟಕ್.

"ಒಂದ್ನಿಮಿಷ!" ಎಂದು ಬಾರ್ಬ್ರು ತಲೆಯೆತ್ತದೆ ಕೂಗಿದಳು.

ಕೂಗಿದ ಮೇಲೆ ಪೆನ್ನು ನಿಂತಿತು. ಆಕೆ ಹಾಗೇ, ತಿರುಗದೆ, ಎರಡನೇ ಸಲ ಬಡಿಯುವುದನ್ನು ಕಾಯುತ್ತಾ ಕೂತಳು. ಕಾರಿಡಾರಿನಲ್ಲಿ ಕುರ್ಚಿಗಳು ಸರಿದವು, ಯಾರೋ ಕಾಫಿ ಬಗ್ಗಿಸಿದರು. ಹೆಲ್ಗೆ ಒಂದೇ ಸಲ ಬಡಿಯುವ ಯಂತ್ರ.

"ಬಂದೆ ಆಲ್ಗೊಟ್, ಬಂದೆ" ಎಂದು ಬಾರ್ಬ್ರು ಎದ್ದಳು.